ಮಾಯಮ್ಮನ ಸೋಬಾನೆ, ಮೇಷ್ಟ್ರ ಕಂಪ್ಯೂಟರು

ಪ್ರಮೀಳಾ ಸೀರೆ ಇಸ್ತ್ರಿ ಮಾಡಲು ಹೋಗಿ ಪ್ಲಗ್ಗು ಕಿತ್ತದ್ದೇ ಎಲ್ಲಕ್ಕೂ ಮೂಲ.

ಕಿರಂಗೂರಿನ ಚಲುವಯ್ಯ ಮೇಷ್ಟ್ರ ಮನೆಯಲ್ಲಿ ಇಸ್ತ್ರಿಪೆಟ್ಟಿಗೆಯ ದಪ್ಪ ಪಿನ್ನು ಹಿಡಿಸುತ್ತಿದ್ದುದು ಸ್ಟುಡಿಯೋದ ಪ್ಲಗ್ಗಿಗೆ ಮಾತ್ರ. ಸ್ಟುಡಿಯೋ ಎಂದರೆ ಹಿಂದೆ ಎಮ್ಮೆ ಕಟ್ಟುತ್ತಿದ್ದ ಕೊಟ್ಟಿಗೆ. ಸದ್ದು ಗುಂಯ್‌ಗುಡದಿರಲೆಂದು ಗೋಡೆಗೆಲ್ಲ ಮೊಟ್ಟೆ ಟ್ರೇ ಬಡಿದು, ಅದರ ಮೇಲೆ ಗೋಣಿತಾಟು ಹೊದಿಸಿ, ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರಾದ ಚಲುವಯ್ಯನವರು ಅದನ್ನು ಸ್ಟುಡಿಯೋ ಮಾಡಿಕೊಂಡಿದ್ದರು. ಸುತ್ತಲ ಊರುಗಳ ಭಜನೆ, ಸೋಬಾನೆ, ಆಟೋದಲ್ಲಿ ಕೂಗುವ ಪ್ರಚಾರ, ಎಲ್ಲ ರೆಕಾರ್ಡ್ ಆಗುತ್ತಿದ್ದುದು ಅಲ್ಲೇ. ಆಗುತ್ತಿದ್ದುದು ಒಂದು ಮುದಿ ಕಂಪ್ಯೂಟರಿನಲ್ಲಿ. ಅದನ್ನು ಅವರು ಎಂದೂ ಆಫ್ ಮಾಡುತ್ತಿರಲಿಲ್ಲ. ಒಮ್ಮೆ ಮಲಗಿದರೆ ಏಳುತ್ತದೆನ್ನುವ ಭರವಸೆ ಇರಲಿಲ್ಲ. ಕರೆಂಟು ಹೋದರೂ ಉಸಿರಾಡಲಿ ಎಂದು ಟ್ರ್ಯಾಕ್ಟರಿನ ಬ್ಯಾಟರಿಯನ್ನೇ ಅದಕ್ಕೆ ಜೋಡಿಸಿದ್ದರು. ಆ ಬ್ಯಾಟರಿ ಹೋದ ವಾರ ಸತ್ತಿತ್ತು.

"ಯಾರೇ ಪ್ಲಗ್ ಕಿತ್ತೋಳು?" ಮೇಷ್ಟ್ರು ಕೂಗಿದ್ದಕ್ಕೆ ಹಿತ್ತಲಿನ ಕೋಳಿಗಳು ಗೋಡೆ ಹಾರಿದವು.

"ನಾನೇ ಕಣ್ರೀ. ನಾಳೆ ಮದ್ವೆಗೆ ಮುದುರ್ಕೊಂಡಿರೋ ಸೀರೆ ಉಟ್ಕೊಂಡ್ ಬರ್ಲಾ? ತಿರ್ಗ ಸಿಗ್ಸಿದ್ದೀನಲ್ಲ!"

ಹೆಂಡತಿ ಸಿಗಿಸಿದ್ದಳು ನಿಜ. ಕಂಪ್ಯೂಟರು ಮಾತ್ರ ಎದ್ದಿರಲಿಲ್ಲ. ಗುಂಡಿ ಒತ್ತಿದರೆ ಒಳಗಿನ ಫ್ಯಾನು ದಮ್ಮಿನ ರೋಗಿಯ ಹಾಗೆ ನಾಲ್ಕು ಸಲ ಉಬ್ಬಸ ಬಿಟ್ಟು ಸುಮ್ಮನಾಗುತ್ತಿತ್ತು.

ಮೇಷ್ಟ್ರು ಅಷ್ಟು ಕೂಗಾಡಿದ್ದು ಆ ಮದುವೆಯ ಕಾರಣಕ್ಕೇ. ಪಾಲಹಳ್ಳಿಯ ಮಾಯಮ್ಮನ ಮೊಮ್ಮಗಳು ಅರ್ಪಿತಳಿಗೆ ನಾಗಮಂಗಲದ ಛತ್ರದಲ್ಲಿ ಮರುದಿನ ಧಾರೆ. ಈ ಸೀಮೆಯಲ್ಲಿ ಮಾಯಮ್ಮನ ಸೋಬಾನೆ ಇಲ್ಲದೆ ಧಾರೆ ಎರೆದವರು ಕಡಿಮೆ. ಆದರೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಮುದುಕಿ ಮಂಚ ಹಿಡಿದಿದ್ದಳು. ಅವಳು ಗಟ್ಟಿಯಾಗಿದ್ದಾಗ ಮೇಷ್ಟ್ರು ಒಂದು ಪದ ರೆಕಾರ್ಡ್ ಮಾಡಿಕೊಂಡಿದ್ದರು. "ಅಜ್ಜಿ ಬರದಿದ್ರೆ ಏನಂತೆ, ಅಜ್ಜಿ ದನಿ ಬತ್ತದೆ. ನನ್ ಕಂಪ್ಯೂಟ್ರಲ್ಲಿ ಭದ್ರವಾಗದೆ" ಎಂದು ಅರ್ಪಿತಳ ಅಣ್ಣ ಅಶೋಕನಿಗೆ ಮಾತು ಕೊಟ್ಟಿದ್ದರು. ಅಶೋಕ ಸಂಜೆಗೆ ಬರುವವನಿದ್ದ.

ಮೇಷ್ಟ್ರ ಕೂಗಿಗೆ ಮೊದಲು ಬಂದವನು ಪಕ್ಕದ ಮನೆಯ ಕರಿಯಪ್ಪ. ಕರೆಂಟು ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತನಾದವನು. ವೈರು ಇರುವ ವಸ್ತುವೆಲ್ಲ ತನ್ನ ಇಲಾಖೆಯದೇ ಎಂದು ನಂಬಿದವನು.

"ಧೂಳು ಕಣ್ಲಾ ಚಲುವ! ಒಳ್ಗಡೆ ಧೂಳು ತುಂಬ್ಕಂಡು ಉಸ್ರು ಕಟ್ಟದೆ."

ಮೇಷ್ಟ್ರು ಬೇಡ ಎನ್ನುವಷ್ಟರಲ್ಲಿ ಗದ್ದೆಗೆ ಔಷಧಿ ಹೊಡೆಯುವ ಸ್ಪ್ರೇಯರು ಬಂತು. ಡಬ್ಬಿ ಖಾಲಿಯಿದೆ, ಬರೀ ಗಾಳಿ ಎಂದು ಕರಿಯಪ್ಪ ಆಣೆ ಮಾಡಿದ. ಪೈಪಿನ ತುದಿಯಲ್ಲಿ ಉಳಿದಿದ್ದ ಔಷಧಿ ಆ ಆಣೆಯನ್ನು ಕೇಳಿಸಿಕೊಳ್ಳಲಿಲ್ಲ. ಕಂಪ್ಯೂಟರಿನ ಹೊಟ್ಟೆಯಿಂದ ಎರಡು ಜಿರಳೆ ತೂರಾಡುತ್ತ ಬಂದು ಅಂಗಾತ ಬಿದ್ದವು.

"ನೋಡ್ದಾ, ಕಾಯ್ಲೆ ಆಚ್ಗೆ ಬಂತು" ಎಂದ ಕರಿಯಪ್ಪ.

"ಅಣ್ಣೋ, ನೀನ್ ಆಚ್ಗೆ ಓಗು! ಇದೇನು ಬತ್ತದ ಗದ್ದೆ ಅಂದ್ಕಂಡಾ?"

ಆಚೆ ಹೋದ ಕರಿಯಪ್ಪ ಹಾಲಿನ ಡೇರಿಯ ನರಸಯ್ಯನನ್ನು ಕರೆದುಕೊಂಡು ಒಳಕ್ಕೆ ಬಂದ. ನರಸಯ್ಯ ಕಣ್ಣು ಮುಚ್ಚಿ, ಕಂಪ್ಯೂಟರಿನ ನೆತ್ತಿಯ ಮೇಲೆ ಕೈಯಿಟ್ಟು, ದೃಷ್ಟಿಯಾಗಿದೆ ಎಂದು ತೀರ್ಮಾನ ಕೊಟ್ಟ. ಬೊಗಸೆ ವಿಭೂತಿ ಊದಿದ. ಅದು ಗಾಳಿಯಾಡುವ ಕಿಂಡಿಯಿಂದ ನೇರ ಒಳಗೇ ಹೋಯಿತು. ಔಷಧಿಯ ತೇವದ ಮೇಲೆ ವಿಭೂತಿ ಕೂತು ಗಾರೆಯಾಯಿತು.

ಮೇಷ್ಟ್ರು ನಾಟಕದ ಕೌರವನಿಗೆ ಹೇಳಿಕೊಡುವಾಗಲೂ ಅಷ್ಟು ಎತ್ತರದ ಶ್ರುತಿಯಲ್ಲಿ ಕೂಗಿದವರಲ್ಲ. "ಎದ್ದೋಗ್ರಲೇ! ನನ್ನ ಪೆಟ್ಗೆ ಮುಟ್ಟುದ್ರೆ ಕೈ ಮುರ್ದಾಕ್ಬುಡ್ತೀನಿ!" ಎಂದು ಇಬ್ಬರನ್ನೂ ಬೀದಿಗೆ ಅಟ್ಟಿದರು. ಕಂಪ್ಯೂಟರನ್ನು ದುಪ್ಪಟಿಯಲ್ಲಿ ಸುತ್ತಿ, ಮೊಪೆಡ್ಡಿನ ಮುಂದೆ ಕಾಲುಗಳ ನಡುವೆ ಕೂರಿಸಿಕೊಂಡು ಪಾಂಡವಪುರದ ದಾರಿ ಹಿಡಿದರು.

ಪಾಂಡವಪುರದ ರಿಪೇರಿ ಅಂಗಡಿಯ ಮಂಜುನಾಥ ಮುಚ್ಚಳ ತೆಗೆದು, ಒಳಗೆ ನೋಡಿ, ಮೂಗು ಮುಚ್ಚಿಕೊಂಡ.

"ಏನ್ ಮೇಷ್ಟ್ರೇ ಇದು, ಪೂಜೆ ಮಾಡ್ಸಿದ್ರಾ, ಔಷಧಿ ಒಡ್ಸಿದ್ರಾ?"

"ಎರ್ಡೂ ಆಗದೆ. ರಿಪೇರಿ ಆಯ್ತದಾ ಇಲ್ವಾ, ಅದೇಳು."

"ಈ ಕಾಲದ ಪಾರ್ಟು ಎಲ್ಲೂ ಸಿಗಲ್ಲ ಮೇಷ್ಟ್ರೇ. ಗುಜ್ರಿಗಾಕಿ ಹೊಸದು ತಕ್ಕಳಿ."

"ಹೊಸದ್ರಲ್ಲಿ ನನ್ನ ರೆಕಾರ್ಡಿಂಗ್ ಕಾರ್ಡು ಕೂರಲ್ಲ ಕಣಯ್ಯ! ಓಗ್ಲಿ, ಡಿಸ್ಕಿಂದ ಒಂದೇ ಒಂದು ಪದ ತೆಕ್ಕೊಡು. ಮಾಯಮ್ಮನ ಪದ. ನಾಳೆ ಧಾರೆಗೆ ಬೇಕು."

"ಈ ಡಿಸ್ಕಿಗೆ ಕೂರೋ ವೈರು ಬೆಂಗ್ಳೂರಿಂದ ಬರ್ಬೇಕು. ಒಂದ್ವಾರ ಬುಟ್ಟು ಬನ್ನಿ."

"ಒಂದ್ವಾರ ಬುಟ್ಟು ಬರಕ್ಕೆ ಅವ್ರು ಮದ್ವೆ ಮಾಡ್ತಾವ್ರೋ, ನಾಮಕರಣ ಮಾಡ್ತಾವ್ರೋ?" ಮೇಷ್ಟ್ರ ದನಿಗೆ ಎದುರಿನ ಬೇಕರಿಯವನೂ ಆಚೆ ಬಂದು ನಿಂತ. ಪೆಟ್ಟಿಗೆ ಕಸಿದುಕೊಂಡು ಹೊರಟರು.

ವಾಪಸು ಬರುವಾಗ ನಾಲೆ ಏರಿಯ ಮೇಲೆ ಎದುರಿಗೆ ಕಬ್ಬಿನ ಟ್ರ್ಯಾಕ್ಟರು. ಲೋಡಿನಿಂದ ಆಚೆ ಚಾಚಿಕೊಂಡಿದ್ದ ಕಬ್ಬಿನ ಸೋಗೆ ಮೇಷ್ಟ್ರ ಮುಖಕ್ಕೆ ಪೊರಕೆಯ ಹಾಗೆ ಬಾರಿಸಿತು. ಮೊಪೆಡ್ಡು ಅಡ್ಡಬಿತ್ತು. ಮೇಷ್ಟ್ರು ಹುಲ್ಲಿನ ಮೇಲೆ ಕೂತರು. ಕಂಪ್ಯೂಟರು ದುಪ್ಪಟಿ ಬಿಚ್ಚಿಕೊಂಡು, ಏರಿಯಿಂದ ಉರುಳುರುಳಿ ಗದ್ದೆ ಬದುವಿಗೆ ಕುಕ್ಕರಿಸಿತು. ಟ್ರ್ಯಾಕ್ಟರಿನವನು ಹಾಡಿನ ಸದ್ದು ಜೋರು ಮಾಡಿಕೊಂಡು ಮುಂದೆ ಹೋದ. ಮೇಷ್ಟ್ರು ಅವನ ವಂಶವನ್ನೆಲ್ಲ ಹೆಸರಿಲ್ಲದೆ ಕರೆದು ಬಯ್ದರು. ಅವನು ಮರೆಯಾದ ಮೇಲೆ ಕಬ್ಬಿಗೆ ಬಯ್ದರು. ಕಬ್ಬು ನೆಟ್ಟವನಿಗೂ ಬಯ್ದರು.

ಬದುವಿಗೆ ಇಳಿದು ಪೆಟ್ಟಿಗೆಯ ಕೆಸರನ್ನು ಮಾತ್ರ ಮೆಲ್ಲಗೆ ಒರೆಸಿದರು. ಒಳಗೆ ಮಾಯಮ್ಮ ಇದ್ದಳು. ಇನ್ನೂ ಯಾರು ಯಾರೋ ಇದ್ದರು. ಸತ್ತುಹೋದ ತಮಟೆಯವರು, ಸತ್ತುಹೋದ ತತ್ವಪದದವರು. ಆ ಜನರ ದನಿ ಬೇರೆಲ್ಲೂ ಇರಲಿಲ್ಲ.

ಮನೆ ಮುಟ್ಟಿದಾಗ ಬಾಗಿಲಲ್ಲೇ ಅಶೋಕನ ಕಾರು. ಜಗಲಿಯ ಮೇಲೆ ಅಶೋಕ, ಅವನ ಎಡಬಲಕ್ಕೆ ಕರಿಯಪ್ಪ, ನರಸಯ್ಯ. ಮೂವರ ಕೈಯಲ್ಲೂ ಪ್ರಮೀಳಾ ಕೊಟ್ಟ ಕಾಫಿ ಲೋಟ.

"ಪದ ರೆಡಿನಾ ಮೇಷ್ಟ್ರೇ?"

ಮೇಷ್ಟ್ರು ಪೆಟ್ಟಿಗೆ ಎತ್ತಿಕೊಂಡು ಮೊಪೆಡ್ಡಿನಿಂದ ಇಳಿದರು. ಸತ್ತದ್ದನ್ನು ಎಲ್ಲರ ಕಣ್ಣಿಗೂ ತೋರಿಸಿಬಿಡುತ್ತೇನೆ, ಆಮೇಲೆ ಕೊಂದವರ ಹೆಸರು ಒಂದೊಂದಾಗಿ ಹೇಳುತ್ತೇನೆ ಎಂಬ ಹಟದಲ್ಲಿ ಕೊಟ್ಟಿಗೆಗೆ ನುಗ್ಗಿ, ವೈರುಗಳನ್ನು ಚುಚ್ಚಿ, ಹಲ್ಲು ಕಚ್ಚಿ ಗುಂಡಿ ಒತ್ತಿದರು. ಕಂಪ್ಯೂಟರು ಒಂದು ಸಲ ಸೀನಿತು. ವಿಭೂತಿ ಹಾರಿತು. ಪರದೆ ಬೆಳಗಿತು.

ಉರುಳಿದ ಏಟಿಗೆ ಯಾವ ಸಡಿಲ ಬಿಗಿಯಾಯಿತೋ! ಮೇಷ್ಟ್ರು ಪದವನ್ನು ಹುಡುಕಿ ಒತ್ತಿದರು. ಮೊದಲು ಬಳೆಗಳ ಸದ್ದು. ಆಮೇಲೆ ಮಾಯಮ್ಮ. ಹೆಣ್ಣನ್ನು ಹಸೆಗೆ ಕರೆಯುವ ಆ ತುಂಬು ದನಿ ಮೊಟ್ಟೆ ಟ್ರೇಗಳ ನಡುವೆ ಎದ್ದು ನಿಂತಿತು. ಅಶೋಕ ಕಣ್ಣೊರೆಸಿಕೊಂಡ. ಮೇಷ್ಟ್ರು ಗೋಡೆಯ ಕಡೆ ತಿರುಗಿಕೊಂಡರು.

"ನಾನ್ ಏಳ್ನಿಲ್ವಾ, ಧೂಳು ಅಂತ" ಎಂದ ಕರಿಯಪ್ಪ.

"ವಿಭೂತಿ ಕಣಣ್ಣ ಕೆಲ್ಸ ಮಾಡಿದ್ದು" ಎಂದ ನರಸಯ್ಯ.

ಮೇಷ್ಟ್ರು ತಿರುಗಿದ ರಭಸಕ್ಕೆ ಇಬ್ಬರೂ ಬಾಗಿಲು ದಾಟಿದ್ದರು. ಅವರು ಓಣಿಯ ಕೊನೆ ಮುಟ್ಟುವವರೆಗೂ ಮೇಷ್ಟ್ರ ಬೈಗುಳ ಹಿಂದೆಯೇ ಹೋಯಿತು.

ಪದವನ್ನು ಪೆನ್‌ಡ್ರೈವಿಗೆ ಹಾಕಿಕೊಂಡ ಅಶೋಕ, "ಬನ್ನಿ ಮೇಷ್ಟ್ರೇ, ಅಜ್ಜೀಗೂ ಒಂದ್ಸಲ ಕೇಳ್ಸನ. ಮದ್ವೇಗೆ ಬರಕ್ಕಾಗಲ್ಲ ಅಂತ ಬೇಜಾರಲ್ಲಿರ್ತದೆ" ಎಂದು ಕಾರು ಹತ್ತಿಸಿಕೊಂಡ.

ಪಾಲಹಳ್ಳಿಯಲ್ಲಿ ಮಾಯಮ್ಮ ಮಂಚದ ಮೇಲೆ ದಿಂಬಿಗೆ ಒರಗಿ ಎಲೆಯಡಿಕೆ ಕುಟ್ಟುತ್ತಿದ್ದಳು. ಪದ ಪೂರ್ತಿ ಮುಗಿಯುವವರೆಗೆ ಕುಟ್ಟಾಣಿ ನಿಲ್ಲಿಸಿ ಕೇಳಿದಳು.

"ಇದ್ಯಾರ್ಗೆ?"

"ಅರ್ಪಿತನ ಧಾರೆಗೆ ಅಜ್ಜಿ. ನೀನು ಬರಕ್ಕಾಗಲ್ವಲ್ಲ, ಅದ್ಕೆ…"

"ಆಗಲ್ಲ ಅಂತ ಅಂದೋರ್ಯಾರ್ಲಾ?" ಮುದುಕಿ ಕುಟ್ಟಾಣಿಯನ್ನು ಮಂಚದ ಮೇಲೆ ಕುಕ್ಕಿದಳು. "ಸೀರೆ ಬ್ಯಾಗಿಗಾಕಿ ಮಡ್ಗಿವ್ನಿ. ವಾಕರ್ ಒರ್ಸಿ ಮಡ್ಗಿವ್ನಿ. ಕಾರು ಎಷ್ಟೊತ್ಗೆ ಬತ್ತದೆ ಅಂತ ಕಾಯ್ತಾ ಕುಂತಿವ್ನಿ. ಬತ್ತೀಯಾ ಅಂತ ಒಬ್ರಾದ್ರೂ ಬಂದು ಕೇಳುದ್ರಾ? ಮುರ್ದಿರೋದು ಸೊಂಟ ಕಣ್ಲಾ, ಗಂಟ್ಲಲ್ಲ!"

ಅಶೋಕ ತಲೆ ಕೆರೆದುಕೊಂಡ. ಮನೆಯವರೆಲ್ಲ ಕೂತು ತೀರ್ಮಾನ ಮಾಡಿದ್ದರು. ಮುದುಕಿಯನ್ನು ಬಿಟ್ಟು ಎಲ್ಲರೂ ಆ ತೀರ್ಮಾನದಲ್ಲಿದ್ದರು.

"ಆ ಪದ ಅಳ್ಸಾಕ್ಬುಡು ಚಲುವ" ಎಂದಳು ಮಾಯಮ್ಮ. "ಅವತ್ತು ನಂಗೆ ನೆಗ್ಡಿ. ನನ್ ಪೈಪೋಟಿಗೆ ಪದ ಏಳೋ ಸಿದ್ದಲಿಂಗಮ್ಮನ ಕಿವಿಗೆ ಬಿದ್ರೆ ಊರ್ ತುಂಬ ಆಡ್ಕಂಡ್ ನಗ್ತಾಳೆ. ನಾಳೆ ಪದಾನ ಸರ್ಯಾಗಿ ಏಳ್ತೀನಿ, ಆ ನಿನ್ ಪೆಟ್ಗೆನ ನಾಗಮಂಗಲಕ್ಕೇ ತಂದ್ಬುಡು. ಛತ್ರದಲ್ಲೇ ರೆಕಾಡ್ ಮಾಡ್ಕೊ. ಅದುನ್ ತರದಿದ್ರೆ ನಾನ್ ಬಾಯೇ ಬುಡಲ್ಲ."

ಮೇಷ್ಟ್ರ ನೆತ್ತಿಗೆ ರಕ್ತ ಏರಿತು. ದಿನದ ಕೋಪವೆಲ್ಲ ಒಟ್ಟಾಗಿ ಗಂಟಲಿಗೆ ಬಂತು. ಬಾಯಿ ತೆರೆದರು. ಹರಿದ ತಿದಿಯ ಹಾರ್ಮೋನಿಯಂನಿಂದ ಬರುವ ಹಾಗೆ ಬುಸ್ಸೆಂದು ಬರೀ ಗಾಳಿ ಬಂತು. ಇನ್ನೊಮ್ಮೆ ಕೂಗಿದರು. ಅದೂ ಗಾಳಿಯೇ. ಹೆಂಡತಿ, ಕರಿಯಪ್ಪ, ನರಸಯ್ಯ, ಮಂಜುನಾಥ, ಟ್ರ್ಯಾಕ್ಟರಿನವನು ಎಲ್ಲರೂ ಸೇರಿ ಅವರ ದನಿಯನ್ನು ಖಾಲಿ ಮಾಡಿಟ್ಟಿದ್ದರು.

"ಬ್ಯಾಡ ಅನ್ನಲ್ಲ ಬುಡು ಅವ್ನು, ಒಳ್ಳೇ ಮಗ" ಎಂದಳು ಮಾಯಮ್ಮ.

ಅಶೋಕ ಆಗಲೇ ಫೋನು ಕಿವಿಗಿಟ್ಟಿದ್ದ. "ಪ್ರಮೀಳಕ್ಕಾ, ಮೇಷ್ಟ್ರು ಒಪ್ಕೊಂಡ್ರು. ಬೆಳಗ್ಗೆ ಕಾರಲ್ಲಿ ಕಂಪ್ಯೂಟ್ರು ನಾಗಮಂಗಲಕ್ಕೆ ಓಯ್ತದೆ. ಈಗ್ಲೇ ಆಫ್ ಮಾಡಿ, ನೀಟಾಗಿ ಕಟ್ಟಿ ಮಡ್ಗ್ಬುಡಿ."

ಮೇಷ್ಟ್ರು ಎರಡೂ ಕೈ ಮೇಲೆತ್ತಿ ಬೀಸಿದರು. ನೆಲಕ್ಕೆ ಕಾಲು ಬಡಿದರು. ಫೋನು ಕಸಿಯಲು ಮಂಚ ಸುತ್ತಿ ಓಡಿದರು.

"ನೋಡ್ಲಾ ಅಶೋಕ" ಎಂದಳು ಮಾಯಮ್ಮ, ಬೊಚ್ಚುಬಾಯಿ ತುಂಬ ನಗುತ್ತ, "ಖುಸೀಗೆ ಎಂಗ್ ಕುಣೀತಾವ್ನೆ!"