ಕೈಗೆ ಸಿಗದ ‘ಇಲ್ಲ’

ಪುಸ್ತಕದ ನಲವತ್ತೆರಡನೆಯ ಪುಟದಲ್ಲಿ ಆ ಹತ್ತು ಸಾಲು ಇರದಿದ್ದರೆ ಬಾಲಪ್ಪನ ಆ ಬುಧವಾರ ಬೇರೆಲ್ಲ ಬುಧವಾರಗಳಂತೆಯೇ ಕಳೆದುಹೋಗುತ್ತಿತ್ತು.

ಬಾಲಪ್ಪ ಸಿಂಧನೂರಿನಲ್ಲಿ ಕರೀಂಸಾಬರ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಾಸ್ತರ. 1999ರಲ್ಲಿ ಕರೀಂಸಾಬರು ಹನ್ನೊಂದು ಟೈಪ್‌ರೈಟರುಗಳ ನಡುವೆ ಒಂದು ಕಂಪ್ಯೂಟರ್ ತಂದು ಕೂರಿಸಿ, ಅದಕ್ಕೆ ಹೂವಿನ ಬಟ್ಟೆ ಹೊದಿಸಿ, “ಬಾಲಪ್ಪ, ಇದನ್ನ ನೀನ ಕಲಿ, ನೀನ ಕಲಿಸು. ಆಗಲ್ಲ ಅಂದ್ರ ರಾಯಚೂರಿಂದ ಬ್ಯಾರೆ ಮಾಸ್ತರನ್ನ ಕರಸ್ತೀನಿ” ಎಂದಿದ್ದರು.

ಬಾಲಪ್ಪ ತಾನೇ ರಾಯಚೂರಿಗೆ ಹೋಗಿ, ವೆಬ್ ಪುಟ ಮಾಡುವುದನ್ನು ಮೊದಲಿನಿಂದ ಹೇಳಿಕೊಡುವ ಪುಸ್ತಕ ತಂದ. ಅದಕ್ಕೆ ಇಂಟರ್ನೆಟ್ ಕೂಡ ಬೇಕಿಲ್ಲ, ಕಂಪ್ಯೂಟರ್ ಇದ್ದರೆ ಸಾಕು ಎಂದು ಅದರಲ್ಲಿತ್ತು. ಮೊದಮೊದಲು ಬಣ್ಣ, ಚಿತ್ರ ಇಷ್ಟೇ. ನಲವತ್ತೆರಡನೆಯ ಪುಟದ ಹತ್ತು ಸಾಲು ಟೈಪು ಮಾಡಿ ಸೇರಿಸಿದಾಗ ವೆಬ್ ಪುಟಕ್ಕೆ ಜೀವ ಬಂತು. ಗುಂಡಿ ಒತ್ತಿದರೆ ಉತ್ತರ ಕೊಡುವುದು, ಮೌಸಿನ ಬಾಣ ತಾಗಿದರೆ ಸರಿದುಕೊಳ್ಳುವುದು, ಎಲ್ಲ ಮಾಡಬಹುದಿತ್ತು. ಬಾಲಪ್ಪ ಖುಷಿಯಿಂದ ಒಂದು ಪುಟ ಮಾಡಿದ. ಮೇಲೆ ‘ನೀವು ಕಂಪ್ಯೂಟರ್ ಕಲಿಯುತ್ತೀರಾ?’ ಎಂಬ ಪ್ರಶ್ನೆ. ಕೆಳಗೆ ‘ಹೌದು’, ‘ಇಲ್ಲ’ ಎಂಬ ಎರಡು ಗುಂಡಿ. ‘ಹೌದು’ ಕೂತಲ್ಲೇ ಕೂತಿರುತ್ತಿತ್ತು. ‘ಇಲ್ಲ’ದ ಹತ್ತಿರ ಬಾಣ ತಂದರೆ ಸಾಕು, ಅದು ಚಂಗನೆ ಹಾರಿ ಬೇರೆಡೆ ಹೋಗಿ ಕೂರುತ್ತಿತ್ತು. ಕನ್ನಡ ಅಕ್ಷರಗಳನ್ನು ಮೌಸಿನಿಂದಲೇ ಚಿತ್ರದಂತೆ ಬಿಡಿಸಿದ್ದ. ಚಳಿಜ್ವರ ಬಂದವರು ಬರೆದಂತಿದ್ದರೂ ಓದಲು ಬರುತ್ತಿದ್ದವು.

ಬುಧವಾರ ಬೆಳಿಗ್ಗೆ ವಳಕಮದಿನ್ನಿಯಿಂದ ದ್ಯಾವಪ್ಪ ಬಂದ. ಅವನ ಮಗಳು ಗಿರಿಯಮ್ಮನನ್ನು ಬಾಲಪ್ಪನಿಗೆ ಕೊಡುವ ಮಾತು ನಡೆದಿತ್ತು. ಬಾಲಪ್ಪ ಅವಳನ್ನು ಒಮ್ಮೆ ನೋಡಿ ಬಂದಿದ್ದ. ಅಂದಿನಿಂದ ಅವನು ಏನೇ ಟೈಪು ಮಾಡಿದರೂ ಬೆರಳು ‘ಗ’ ಅಕ್ಷರದ ಕಡೆಗೇ ಹೋಗುತ್ತಿತ್ತು.

“ಟೈಪಿಂಗ್ ಕಾಲ ಮುಗೀತು ಅಂತಾರಲ್ಲೋ. ನಾಳೆ ಈ ಮಷೀನೆಲ್ಲ ಗುಜರಿಗೆ ಹೋದ್ರ ನೀ ಎಲ್ಲಿಗೆ ಹೋಗ್ತಿ?” ಎಂದು ದ್ಯಾವಪ್ಪ ನೇರವಾಗಿ ಕೇಳಿದ.

“ನಾ ಈಗ ಕಂಪ್ಯೂಟರ್ ಮಾಸ್ತರ ಆಗೀನ್ರಿ ಮಾಮಾ. ಬರ್ರಿ, ತೋರಸ್ತೀನಿ.”

ಹೂವಿನ ಬಟ್ಟೆ ಸರಿಸಿದರೆ ಎದುರಿಗೆ ಅದೇ ಪುಟ. ದ್ಯಾವಪ್ಪ ಒಂದೊಂದೇ ಅಕ್ಷರ ಕೂಡಿಸಿ ಓದಿ ನಕ್ಕ. “ನಾನ್ಯಾಕ ಕಲೀಲಿ? ಮೂವತ್ತು ವರ್ಷದಿಂದ ನೆಲ್ಲು ಬೆಳಿಯಾಕತ್ತೀನಿ. ಇಲ್ಲ ಅಂತ ಹೇಳು ಅದಕ್ಕ.”

“ನೀವ ಹೇಳ್ರಿ” ಎಂದು ಬಾಲಪ್ಪ ತಮಾಷೆಗೆ ಮೌಸನ್ನು ಅವನ ಕೈಗೆ ಕೊಟ್ಟ. ಅಲ್ಲಿಗೆ ತಮಾಷೆ ಮುಗಿಯಿತು.

ದ್ಯಾವಪ್ಪ ಬಾಣವನ್ನು ಮೆಲ್ಲಗೆ ತಂದ. ‘ಇಲ್ಲ’ ಹಾರಿತು. ಮತ್ತೆ ತಂದ, ಮತ್ತೆ ಹಾರಿತು. ಅವನು ಧೋತರ ಮೇಲೆತ್ತಿ ಕಟ್ಟಿ, ಕುರ್ಚಿಯನ್ನು ಮುಂದೆಳೆದುಕೊಂಡ. “ಊರ ಪಂಚಾಯ್ತಿಯಾಗ ನಾ ಇಲ್ಲ ಅಂದ್ರ ಇಲ್ಲ. ಇದೇನು ನನಗ ಆಟ ಆಡಸ್ತತಿ?”

ಗದ್ದಲ ಕೇಳಿ ಕೆಳಗಿನ ಸೈಕಲ್ ಅಂಗಡಿಯ ಚಾಂದ್‌ಪಾಷಾ ಮೇಲೆ ಬಂದ. “ಏನಾತ್ರೀ?”

“ಸಿಗವಲ್ದು” ಎಂದ ದ್ಯಾವಪ್ಪ.

“ಏನು ಸಿಗವಲ್ದು?”

“ಇಲ್ಲ.”

“ಇಲ್ಲ ಅಂದಮ್ಯಾಲ ಯಾಕ ಹುಡಕ್ತೀರಿ?”

ವಿಷಯ ತಿಳಿದ ಮೇಲೆ ಚಾಂದ್‌ಪಾಷಾನಿಗೆ ದ್ಯಾವಪ್ಪನಿಗಿಂತ ಹೆಚ್ಚು ಹುರುಪು ಬಂತು. “ಕೋಳಿ ಹಿಡಿದಂಗ ಹಿಡೀಬೇಕ್ರಿ. ಮೂಲಿಗೆ ಒತ್ರಿ!” ಎನ್ನುತ್ತ ಗ್ರೀಸು ಮೆತ್ತಿದ ಅಂಗೈಯನ್ನು ಕಂಪ್ಯೂಟರಿನ ಗಾಜಿನ ಎಡಕ್ಕೆ ಅಡ್ಡ ಇಟ್ಟ. ಟೈಪಿಂಗ್ ಕಲಿಯಲು ಬಂದಿದ್ದ ಸಕೀನಾಬೀ ಬಲಕ್ಕೆ ತನ್ನ ನೋಟ್‌ಬುಕ್ ಹಿಡಿದಳು. ‘ಇಲ್ಲ’ ಅವನ ಅಂಗೈ ಕೆಳಗೆ ನುಸುಳಿ ಮೇಲೆ ಹೋಗಿ ಕೂತಿತು.

“ಬಿಡ್ರಿ ಮಾಮಾ, ಅದು ಓಡೋ ಹಂಗ ನಾನ ಬರದೀನಿ” ಎಂದ ಬಾಲಪ್ಪ ಅಳುವ ದನಿಯಲ್ಲಿ. “ಹೌದು ಒತ್ತಿಬಿಡ್ರಿ, ಮುಗೀತತಿ.”

ದ್ಯಾವಪ್ಪ ತಿರುಗಿ ನೋಡಿದ. “ಜಬರ್ದಸ್ತಿಲೆ ಹೌದು ಅನಸ್ತೀಯೇನು? ಇಂಥವಗ ಹೆಣ್ಣು ಕೊಟ್ರ ನಾಳೆ ಮನಿಯಾಗ ನನ್ನ ಮಗಳಿಗೂ ಇಲ್ಲ ಅನ್ನಾಕ ಬಿಡಂಗಿಲ್ಲ ನೀ!”

ಬಾಲಪ್ಪ ಆ ಹತ್ತು ಸಾಲನ್ನು ಅಳಿಸಿಬಿಡೋಣವೆಂದು ಕೈ ಚಾಚಿದ. “ಕೈ ಹಚ್ಚಬ್ಯಾಡ!” ಎಂದು ದ್ಯಾವಪ್ಪ ಗುಡುಗಿದ. ಅಷ್ಟರಲ್ಲಿ ದೇವರು ದೊಡ್ಡವನು, ಕರೆಂಟ್ ಹೋಯಿತು.

ಬಾಲಪ್ಪ ಮನಸ್ಸಿನಲ್ಲೇ ಕೈಮುಗಿದ. ಆದರೆ ದ್ಯಾವಪ್ಪ ಏಳಲಿಲ್ಲ. ಹೊರಗೆ ವಳಕಮದಿನ್ನಿಯ ಬಸ್ಸು ಹಾರ್ನ್ ಹೊಡೆಯಿತು. “ಹೋಗ್ಲಿ, ಸಂಜಿಗೆ ಇನ್ನೊಂದೈತಿ” ಎಂದು ಅವನು ಎಲೆ ಅಡಿಕೆ ಹಾಕಿಕೊಂಡ. ಮುಕ್ಕಾಲು ಗಂಟೆಯ ನಂತರ ಕರೆಂಟ್ ಬಂದಾಗ ಬಾಲಪ್ಪ, “ಒಮ್ಮೆ ಆರಿದ ಮ್ಯಾಲ ಇದು ಇವತ್ತು ಚಾಲೂ ಆಗಂಗಿಲ್ರಿ” ಎಂದ. “ಚಾಲೂ ಆತಲ್ಲ!” ಎಂದ ಚಾಂದ್‌ಪಾಷಾ, ಸ್ವಿಚ್ ಒತ್ತಿ ನಿಂತು. ಸಕೀನಾಬೀ, ಬೆಳಗಿನಿಂದ ನೋಡಿ ಕಲಿತವಳು, ಆ ಪುಟವನ್ನೂ ತೆರೆದುಕೊಟ್ಟಳು.

ಅಷ್ಟೊತ್ತಿಗೆ ಮೆಟ್ಟಿಲ ತನಕ ಜನ. ಎಡಕ್ಕೊಬ್ಬರು, ಬಲಕ್ಕೊಬ್ಬರು ದಾರಿ ಹೇಳುವವರೇ. ಜನರನ್ನು ಸರಿಸಿಕೊಂಡು ಬಂದ ಕರೀಂಸಾಬರು ಗಾಜಿನ ಮೇಲಿನ ಗ್ರೀಸು ನೋಡಿ, ಬಾಲಪ್ಪನ ಕಿವಿಯಲ್ಲಿ, “ರಾಯಚೂರು ಮಾಸ್ತರಿಗೆ ಕಾಗದ ಬರೀಲೇನು?” ಎಂದರು.

ಆಗಲೇ ‘ಇಲ್ಲ’ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾರಿ, ಕೊನೆಗೆ ‘ಹೌದು’ ಗುಂಡಿಯ ಹಿಂದೆ ಹೋಗಿ ಅವಿತುಕೊಂಡಿತು. ಅದರ ತುದಿಯಷ್ಟೇ ಕಾಣುತ್ತಿತ್ತು. “ಸಿಕ್ತು ನೋಡಲೇ!” ಎಂದು ದ್ಯಾವಪ್ಪ ಬಾಣವನ್ನು ಅಲ್ಲಿಗೆ ತಂದವನೇ ಟಕ್ಕೆಂದು ಒತ್ತಿದ.

ಒತ್ತಿದ್ದು ಮುಂದಿದ್ದ ‘ಹೌದು’. ಗಾಜಿನ ತುಂಬ ಅಕ್ಷರ ಮೂಡಿದವು. ‘ಸಂತೋಷ! ನಾಳೆ ಬೆಳಿಗ್ಗೆ ಎಂಟಕ್ಕೆ ಕ್ಲಾಸಿಗೆ ಬನ್ನಿ.’

ದ್ಯಾವಪ್ಪ ಎದ್ದು ನಿಂತ. ಬಾಲಪ್ಪ ಕಣ್ಣು ಮುಚ್ಚಿಕೊಂಡ. ಕೇಳಿಸಿದ್ದು ಬೈಗುಳವಲ್ಲ, ನಗು. ದ್ಯಾವಪ್ಪ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ.

“ನನ್ನಿಂದ ಹೌದು ಅನಸಾಕ ಇಷ್ಟು ವರ್ಷ ನಮ್ಮ ಹೊನ್ನೂರಮ್ಮನ ಕೈಲೂ ಆಗಿಲ್ರಿ. ಕಟ್ಟಿಕೊಂಡ ಹೆಣ್ತಿ ಆಕಿ! ಈ ಹುಡುಗ ಅನಸಿಬಿಟ್ಟ. ಕೇಳ್ರಿ ಕರೀಂಸಾಬ್ರ, ನನ್ನ ಮಗಳು ಇವಗ.”

ಜನ ಚಪ್ಪಾಳೆ ತಟ್ಟಿದರು. ಕರೀಂಸಾಬರು ಅಲ್ಲೇ ಬಾಲಪ್ಪನನ್ನು ಕಂಪ್ಯೂಟರ್ ಮಾಸ್ತರ ಎಂದು ಸಾರಿ, ಎಲ್ಲರಿಗೂ ಮಿರ್ಚಿ ಭಜಿ ತರಿಸಿದರು. ಬಾಲಪ್ಪ ಮಾವನ ಕಾಲಿಗೆರಗಿ, ನಾಚುತ್ತ ಕೇಳಿದ, “ಹಂಗಾದ್ರ ಈ ತಿಂಗಳದಾಗ ಮುಹೂರ್ತ ನೋಡಸ್ಲೇನ್ರಿ?”

“ತಡಿಯಪ್ಪ. ಹೌದು ಅಂದೀನಿ, ನಾಳೆ ಎಂಟಕ್ಕ ಕ್ಲಾಸಿಗೆ ಬರಬೇಕಲ್ಲ. ಎಷ್ಟು ದಿನ ಕಲಿಯೋದು?”

“ಆರು ತಿಂಗಳು. ಕೊನಿಗೆ ಪರೀಕ್ಷಾ” ಎಂದರು ಕರೀಂಸಾಬರು ಹೆಮ್ಮೆಯಿಂದ.

“ಹಂಗಾದ್ರ ಪಾಸಾದ ಮ್ಯಾಲ ಲಗ್ನ. ಅದಕ್ಕೂ ಮೊದಲ ಲಗ್ನ ಮಾಡಿದ್ರ, ಅಳಿಯ ಮಾವನ್ನ ಸುಮ್ನ ಪಾಸು ಮಾಡ್ಯಾನ ಅಂತ ಊರು ನಗತೈತಿ.”

“ನೀವು ಈಗ ಪಾಸ್ರಿ ಮಾಮಾ!” ಎಂದು ಬಾಲಪ್ಪ ಕೂಗಿದ.

“ಹೆಂಗ? ಪರೀಕ್ಷಾ ನಾನ ತಗೋತೀನಿ” ಎಂದರು ಕರೀಂಸಾಬರು.

ಮರುದಿನ ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ದ್ಯಾವಪ್ಪ ಹೊಸ ನೋಟ್‌ಬುಕ್ ಹಿಡಿದು ಬಂದ. ಒಂದು ದಿನವೂ ತಪ್ಪಿಸಲಿಲ್ಲ. ಬಾಲಪ್ಪ ಮಗುವಿಗೆ ತುತ್ತು ಉಣಿಸುವಂತೆ ಪಾಠ ಉಣಿಸಿದ. ಆರು ತಿಂಗಳು ತುಂಬಿದ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪಂಚಾಂಗವನ್ನು ಚೀಲದಲ್ಲಿಟ್ಟುಕೊಂಡು ಪರೀಕ್ಷೆಯ ಕೋಣೆಗೆ ಬಂದ.

ದ್ಯಾವಪ್ಪ ಪ್ರೀತಿಯಿಂದ ಅವನ ಬೆನ್ನು ತಟ್ಟಿದ. “ಭಾಳ ಚಲೋ ಕಲಸ್ತಿ ಬಾಲಪ್ಪ. ಪರೀಕ್ಷಾಕ್ಕ ಏನವಸರ? ಇನ್ನೊಮ್ಮೆ ಮೊದಲಿಂದ ಶುರು ಮಾಡು.”