ಅರಸೀಕೆರೆಯವರೆಗೆ ಟಿಕೆಟ್ಟು

ನನ್ನ ಸೋದರಮಾವ ತಮ್ಮ ಇಡೀ ಜೀವಮಾನದಲ್ಲಿ ಒಂದೇ ಒಂದು ತಪ್ಪು ತೀರ್ಮಾನವನ್ನೂ ಮಾಡಿದವರಲ್ಲ. ಬೇಕಾದರೆ ಭದ್ರಾವತಿಯಲ್ಲಿ ಯಾರನ್ನಾದರೂ ಕೇಳಿ ನೋಡಿ! ತಪ್ಪು ಮಾಡಬೇಕಾದರೆ ಮೊದಲು ತೀರ್ಮಾನ ಅಂತ ಒಂದನ್ನು ಮಾಡಬೇಕಲ್ಲ? ಆ ಗೋಜಿಗೇ ಅವರು ಹೋದವರಲ್ಲ.

ಅವರಿಗೆ ಕೆಲಸ ಇದ್ದದ್ದು ಕಾರ್ಖಾನೆಯ ತೂಕದ ಮನೆಯಲ್ಲಿ. ಒಳಗೆ ಬರುವ ಲಾರಿ, ಹೊರಗೆ ಹೋಗುವ ಲಾರಿ, ಎಲ್ಲವನ್ನೂ ತೂಗಿ ಚೀಟಿ ಬರೆದು ಕೊಡಬೇಕು. ಸರಿ, ಅಲ್ಲಿಗೆ ಮುಗಿಯಿತೇ? ಮನೆಗೆ ಬಂದ ಮೇಲೂ ಪುಣ್ಯಾತ್ಮರು ತೂಗುವುದನ್ನು ಬಿಡುತ್ತಿರಲಿಲ್ಲ. ಬೆಳಗ್ಗೆ ಉಪ್ಪಿಟ್ಟು ಮಾಡಲೋ ಅವಲಕ್ಕಿ ಮಾಡಲೋ ಎಂದು ಕೇಳಿದರೆ, ಸೈರನ್ ಕೂಗುವವರೆಗೆ ಯೋಚಿಸಿ, ಬರಿಹೊಟ್ಟೆಯಲ್ಲೇ ಸೈಕಲ್ ಹತ್ತುತ್ತಿದ್ದರು. ಮದುವೆ ತಪ್ಪಿದ್ದೂ ಹೀಗೇ. ಕುಂಸಿಯಲ್ಲೊಂದು, ಶಿವಮೊಗ್ಗದ ಹೊಸಮನೆಯಲ್ಲೊಂದು ಹೆಣ್ಣು ನೋಡಿ ಬಂದರು. ಎರಡೂ ಒಪ್ಪಿಗೆಯಾದವು. ಯಾವುದು ಎಂದು ಎರಡು ವರ್ಷ ತೂಗಿದರು. ಕೊನೆಗೆ ಕುಂಸಿಯದೇ ಆಗಲಿ ಎಂದು ಹೇಳಿ ಕಳಿಸುವ ಹೊತ್ತಿಗೆ, ಅಲ್ಲಿಂದ ಆ ಹುಡುಗಿಯ ಮಗುವಿನ ನಾಮಕರಣಕ್ಕೆ ಕರೆ ಬಂತು!

"ನೋಡಿದ್ಯಾ? ಅವಸರ ಮಾಡಿದ್ರೆ ಎಂಥ ಎಡವಟ್ಟಾಗ್ತಿತ್ತು!" ಎಂದು ಮಾವ ಎದೆ ನೀವಿಕೊಂಡರು.

ನಾನು ಆಗ ತಾನೇ ಭದ್ರಾವತಿಯ ಪ್ರೈಮರಿ ಸ್ಕೂಲಿಗೆ ಟೀಚರಾಗಿ ಬಂದು ಮಾವನ ಕ್ವಾರ್ಟರ್ಸಿನಲ್ಲೇ ಇದ್ದೆ. ಮನೆಯಲ್ಲಿ ಮೂರೇ ಜನ. ಮಾವ, ಅವರ ತಾಯಿ ಅಂದರೆ ನನ್ನ ಅಜ್ಜಿ, ಮತ್ತೆ ನಾನು. ಆ ವರ್ಷ ಅಜ್ಜಿಯ ಕಣ್ಣು ಮಂಜಾಗತೊಡಗಿತು. ಗೌರಿಹಬ್ಬದ ಹೊತ್ತಿಗೆ ಶಿವಮೊಗ್ಗದ ಡಾಕ್ಟರಿಗೆ ತೋರಿಸಿದೆವು. ಅವರು ಮಾವನನ್ನೂ ನನ್ನನ್ನೂ ಪಕ್ಕಕ್ಕೆ ಕರೆದು, "ಇದು ಪೊರೆ ಅಲ್ಲ, ತೆಗೆಯೋಕೆ. ನರವೇ ಸೊರಗ್ತಾ ಇದೆ. ಇನ್ನು ಕೆಲವು ತಿಂಗಳು ಅಷ್ಟೆ. ಅವರಿಗೆ ಏನಾದ್ರೂ ನೋಡೋ ಆಸೆ ಇದ್ರೆ ತೋರಿಸ್ಬಿಡಿ" ಎಂದರು.

ಬಸ್ಸಿನಲ್ಲಿ ಬರುವಾಗ, ಏನಾದರೂ ನೋಡುವ ಆಸೆ ಇದೆಯಾ ಎಂದು ಮಾವ ಕೇಳಿದರು. ಅಜ್ಜಿ ನಕ್ಕಳು. "ಹುಟ್ಟಿದಾಗಿಂದ ತುಂಗೆ ಭದ್ರೆ ಎರಡನ್ನೇ ನೋಡಿದ್ದಾಯ್ತು ಕಣೋ. ಒಂದು ದೊಡ್ಡ ಊರು ತೋರ್ಸು, ಸಾಕು."

ಒಂದು ದೊಡ್ಡ ಊರು! ಮೈಸೂರೋ, ಬೆಂಗಳೂರೋ? ಕಾರ್ಖಾನೆಯವರು ಕೊಟ್ಟದ್ದು ಮೂರು ದಿನದ ರಜೆ, ಅದೂ ದೀಪಾವಳಿ ಕಳೆದ ಮೇಲೆ. ಎರಡೂ ಊರು ಸುತ್ತಲು ಆ ದಿನಗಳೂ ಸಾಲವು, ಅಜ್ಜಿಯ ಮೈಯೂ ತಾಳದು. ಉಪ್ಪಿಟ್ಟು ಅವಲಕ್ಕಿಗೇ ಬೆವರುವ ಮನುಷ್ಯನ ತಲೆಯ ಮೇಲೆ ಇಂಥ ಭಾರ ಬಿದ್ದರೆ ಏನಾಗಬೇಡ? ಮಾವನಿಗೆ ಊಟ ಸೇರದಾಯಿತು. "ತಪ್ಪಿ ಒಂದು ಊರಿಗೆ ಹೋಗಿ, ಅದು ಅವ್ವಂಗೆ ಹಿಡಿಸದೇ ಹೋದ್ರೆ? ಇನ್ನೊಂದನ್ನ ತೋರಿಸೋಕೆ ಕಣ್ಣು ಎಲ್ಲಿಂದ ತರ್ಲಿ?" ಎಂದು ನನ್ನ ಹತ್ತಿರ ಪಿಸುಗುಟ್ಟುತ್ತಿದ್ದರು.

ನನ್ನ ಶಾಲೆಯದೊಂದು ನೋಟ್‌ಬುಕ್ ಎತ್ತಿಕೊಂಡು, ಹಾಳೆಯ ನಡುವೆ ಗೆರೆ ಎಳೆದು, ಆ ಕಡೆ ಮೈಸೂರು, ಈ ಕಡೆ ಬೆಂಗಳೂರು ಎಂದು ಬರೆದರು. ತಮಾಷೆ ಏನು ಗೊತ್ತೆ? ಮಾವ ಸ್ವತಃ ಎರಡೂ ಊರು ಕಂಡವರಲ್ಲ! ಹಾಗಾಗಿ ಪ್ರತಿ ಭಾನುವಾರ ಶಿವಮೊಗ್ಗಕ್ಕೆ ಹೋಗಿ, ಆ ಊರುಗಳನ್ನು ನೋಡಿ ಬಂದವರನ್ನು ಹುಡುಕಿ ಹುಡುಕಿ ವಿಚಾರಿಸುತ್ತಿದ್ದರು. ಗಾಂಧಿ ಬಜಾರಿನ ಬಟ್ಟೆ ಅಂಗಡಿಯ ಸಾಹೇಬರು ಎರಡು ಗಂಟೆ ಕಾಲ ಎಲ್ಲವನ್ನೂ ವರ್ಣಿಸಿ, ಕೊನೆಗೆ, "ಎರಡೂ ಬಹುತ್ ಅಚ್ಛಾ ಊರು, ಸ್ವಾಮಿ" ಎಂದುಬಿಟ್ಟರಂತೆ. ಅವತ್ತು ಮಾವ ಜ್ವರ ಬಂದವರ ಹಾಗೆ ಮನೆಗೆ ಬಂದು ಮಲಗಿದರು.

ದಿನಾ ಸಂಜೆ ಕಾರ್ಖಾನೆಯಿಂದ ಬಂದ ಕೂಡಲೇ ಜಗಲಿಯಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ನೋಟ್‌ಬುಕ್ ತೆಗೆಯುತ್ತಿದ್ದರು.

"ಅವ್ವ, ಮೈಸೂರು ಬೆಟ್ಟದ ಬಸವಣ್ಣ ಇದಾನಲ್ಲ, ಕೊರಳ ತುಂಬ ಗಂಟೆಸರ ಕೆತ್ತಿದಾರಂತೆ. ಒಂದೊಂದು ಗಂಟೆ ನಮ್ಮ ತಂಬಿಗೆ ಗಾತ್ರ!"

"ಹೌದಾ? ಬೆಂಗಳೂರಿನ ಬಸವಣ್ಣ?"

"ಅವನಿಗೆ ಎಣ್ಣೆ ಹಚ್ಚಿ ಹಚ್ಚಿ ಮಿರಿಮಿರಿ ಮಿಂಚ್ತಾನಂತೆ. ಉದ್ದ ಎಷ್ಟು ಅಂತೀಯ? ತಾಳು," ಎಂದು ಮಾವ ಜಗಲಿಯಿಂದ ಹಾರಿ, ಅಂಗಳದ ಮೇಲೆ ಹೆಜ್ಜೆ ಇಟ್ಟು, ಪಕ್ಕದ ಮನೆಯವರ ನುಗ್ಗೆಮರ ಮುಟ್ಟಿ, "ಇಲ್ಲೀವರೆಗೂ ಬಾಲ!" ಎಂದು ಕೂಗುತ್ತಿದ್ದರು. ಪಕ್ಕದ ಮನೆಯ ತಮಿಳಿನವರು ಹೊರಗೆ ಬಂದು, "ಬೆಂಗ್ಳೂರೇ ಹೋಗಿ ಸಾರ್, ನಮ್ಮ ಮರ ಬಿಟ್ಬಿಡಿ" ಎನ್ನುತ್ತಿದ್ದರು.

ಅರಮನೆಯ ಗೋಪುರ ತೋರಿಸಲು ಮಾವ ಏಣಿ ಹತ್ತಿದ್ದಾರೆ. ಲಾಲ್‌ಬಾಗಿನ ಗಾಜಿನ ಮನೆ ತೋರಿಸಲು ನನ್ನ ಒಗೆದ ಸೀರೆಗಳನ್ನೆಲ್ಲ ಹಗ್ಗದ ಮೇಲೆ ಹರಡಿದ್ದಾರೆ. ಇಷ್ಟೆಲ್ಲ ಆದ ಮೇಲೆ ಒಂದೊಂದು ದಿನ, "ಸರಿ, ಮೈಸೂರೇ!" ಎಂದು ನೋಟ್‌ಬುಕ್ ಮುಚ್ಚುತ್ತಿದ್ದರು. ನಾನು ಉಸಿರು ಬಿಡುವಷ್ಟರಲ್ಲಿ ಅಜ್ಜಿ ಶುರು ಮಾಡುತ್ತಿದ್ದಳು.

"ಆಗ್ಲಿ ಬಿಡು. ಆದ್ರೂ... ಆ ಗಾಜಿನ ಮನೆ ಅಂದ್ಯಲ್ಲ, ಅದರೊಳಗೆ ನಿಂತ್ರೆ ಮೋಡ ಕಾಣುತ್ತೆ ಅಂದ್ಯಾ?"

ಮುಗಿಯಿತು! ಮಾವನ ಮುಖ ಬಾಡಿ, ನೋಟ್‌ಬುಕ್ ಮತ್ತೆ ತೆರೆಯುತ್ತಿತ್ತು.

"ಅಜ್ಜಿ, ನೀನು ಸ್ವಲ್ಪ ಸುಮ್ನಿರಬಾರ್ದಾ?" ಎಂದು ನಾನು ಒಳಗೆ ಹೋಗಿ ರೇಗುತ್ತಿದ್ದೆ. ನನಗೆ ದಿನ ಓಡುತ್ತಿರುವ ಹೆದರಿಕೆ. ಮಾರ್ನೋಮಿ ಹಬ್ಬ ಕಳೆದ ಮೇಲೆ ಅಜ್ಜಿ ಗೋಡೆ ಸವರಿಕೊಂಡು ನಡೆಯುತ್ತಿದ್ದಳು. ಕೇಳಿದರೆ, "ಮಂಡಿ ನೋವು ಮಾರಾಯ್ತಿ, ಕಣ್ಣೇನೂ ಆಗಿಲ್ಲ" ಎನ್ನುತ್ತಿದ್ದಳು.

ರಜೆಗೆ ಎರಡು ದಿನ ಉಳಿದಾಗ ಮಾವ ದೇವರ ಮೊರೆ ಹೋದರು. ನಮ್ಮ ಕಡೆ ಪ್ರಸಾದ ಕೇಳುವುದು ಅಂತ ಇದೆಯಲ್ಲ? ಈಶ್ವರನ ಮೇಲೆ ಹೂವಿಟ್ಟು ಬೇಡಿಕೊಂಡರೆ, ಬಲಕ್ಕೆ ಬಿದ್ದರೆ ಆಗಲಿ ಎಂದು, ಎಡಕ್ಕೆ ಬಿದ್ದರೆ ಬೇಡ ಎಂದು. ಒಂದು ಊರಿನ ಹೆಸರು ಹೇಳಿ ಕೇಳಿದ್ದರೆ ಆಗುತ್ತಿತ್ತು. ಮಾವ ಕೇಳಿದ್ದು, "ಬಲಕ್ಕೆ ಬಿದ್ರೆ ಮೈಸೂರು, ಎಡಕ್ಕೆ ಬಿದ್ರೆ ಬೆಂಗಳೂರು, ಎರಡರಲ್ಲಿ ಅವ್ವಂಗೆ ಯಾವುದು ಒಳ್ಳೇದೋ ಅದು" ಎಂದು! ಮುಕ್ಕಾಲು ಗಂಟೆ ಕಾದೆವು. ಹೂವು ಅತ್ತಲೂ ಬೀಳದೆ ಇತ್ತಲೂ ಬೀಳದೆ ನೇರ ಮುಂದಕ್ಕೆ ಜಾರಿ ನಟ್ಟನಡುವೆ ಬಿತ್ತು. ಪೂಜೆಯ ಐನೋರು ಕೈಮುಗಿದರು.

"ಸ್ವಾಮಿಗೂ ನಿಮ್ಮ ಸಹವಾಸ ಅಂಟಿಬಿಡ್ತು. ಇನ್ನು ನೀವು ಈ ಕಡೆ ಬರಬೇಡಿ!"

ಹೊರಡುವ ಬೆಳಗ್ಗೆ ಭದ್ರಾವತಿ ಸ್ಟೇಷನ್ನಿನಲ್ಲಿ ಟಿಕೆಟ್ ಕಿಂಡಿಯ ಮುಂದೆ ಮಾವ ನಿಂತರು. ಒಳಗಿನವರು "ಎಲ್ಲಿಗೆ ಸ್ವಾಮಿ?" ಎಂದು ಮೂರು ಸಲ ಕೇಳಿದರು. ಹಿಂದಿನ ಸಾಲು ಗೊಣಗತೊಡಗಿತು. ಮಾವನ ಕತ್ತಿನಿಂದ ಬೆವರು ಇಳಿಯುತ್ತಿತ್ತು. ಕೊನೆಗೆ ಒಂದೇ ಉಸಿರಿಗೆ, "ಮೂರು ಅರಸೀಕೆರೆ!" ಎಂದರು.

"ಅರಸೀಕೆರೆಯಲ್ಲಿ ಏನಿದೆ ಮಾವ ನೋಡೋಕೆ, ತೆಂಗಿನಕಾಯಿ ಬಿಟ್ರೆ?"

"ಅಲ್ಲೀವರೆಗೆ ಎರಡೂ ಊರಿಗೆ ಒಂದೇ ದಾರಿ ಕಣೇ. ರೈಲು ಬದಲಾಯಿಸಿದ್ರೆ ಮೈಸೂರು, ನೇರ ಹೋದ್ರೆ ಬೆಂಗಳೂರು. ಇನ್ನೂ ಅರ್ಧ ದಿನ ಯೋಚನೆ ಮಾಡ್ಬಹುದು!" ಎಂದಾಗ ಮಾವನ ಮುಖದಲ್ಲಿ ಎರಡು ತಿಂಗಳಿನ ಮೇಲೆ ನಗು ಕಂಡೆ.

ದಾರಿಯುದ್ದಕ್ಕೂ ಅವರ ಬಾಯಿ ನಿಲ್ಲಲಿಲ್ಲ. ಕಿಟಕಿಯ ಪಕ್ಕ ಕೂತಿದ್ದ ಅಜ್ಜಿ ಮಾತ್ರ ಒಮ್ಮೆಯೂ ಹೊರಗೆ ತಿರುಗಲಿಲ್ಲ. ಮಾವನ ಕಡೆಗೇ ಮುಖ ಮಾಡಿ ಕೇಳುತ್ತಿದ್ದಳು.

ಅರಸೀಕೆರೆ ಬಂತು. ಇಳಿದೆವು. ಈ ಕಡೆ ನಾವು ಬಂದ ರೈಲು ಬೆಂಗಳೂರಿಗೆ ಹೊರಡಲು ನಿಂತಿದೆ, ಆ ಕಡೆ ಮೈಸೂರಿನ ರೈಲು ಹೊಗೆ ಬಿಡುತ್ತಿದೆ. ಮಾವ ಟ್ರಂಕನ್ನು ಮೈಸೂರಿನ ರೈಲಿಗೆ ಹಾಕಿದರು. ತಕ್ಷಣ ಮನಸ್ಸು ಬದಲಾಗಿ ಹಾಸಿಗೆ ಸುರುಳಿಯನ್ನು ಬೆಂಗಳೂರಿನ ರೈಲಿಗೆ ಹಾಕಿದರು. ನಾನು ಅದನ್ನು ಇಳಿಸಿ ಓಡಿ ಬರುವಷ್ಟರಲ್ಲಿ ಟ್ರಂಕೂ ಇಳಿದಿತ್ತು! ಎರಡೂ ಕಡೆ ಗಾರ್ಡುಗಳು ಶಿಳ್ಳೆ ಹಾಕಿದರು. ನನಗೆ ತಾಳ್ಮೆ ಕೆಟ್ಟುಹೋಯಿತು.

"ಯಾವುದಾದ್ರೂ ಹತ್ತಿ ಮಾವ! ಅಜ್ಜಿಗೆ ಇನ್ನೆಷ್ಟು ದಿನ ಕಾಣ್ಸುತ್ತೆ ಅಂತ ತಿಳ್ಕೊಂಡಿದೀರಿ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಜ್ಜಿ ಟ್ರಂಕನ್ನು ಕೈಯಿಂದ ತಡವಿ ಅದರ ಮೇಲೆ ಕೂತಳು.

"ಅವನನ್ನ ಬಯ್ಯಬೇಡ ಮಗ. ಕಾಣ್ಸೋದು ನಿಂತು ತಿಂಗಳಾಯ್ತು."

ಎರಡು ರೈಲೂ ಹೊರಟವು. ಮಾವ ಯಾವುದರ ಕಡೆಗೂ ನೋಡಲಿಲ್ಲ.

"ಯಾಕವ್ವ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಆ ಪುಸ್ತಕ ಮುಚ್ಚಿಟ್ಟು ಅಳ್ತಾ ಕೂರ್ತಿದ್ದೆ. ಯಾವುದಾದ್ರೂ ಒಂದು ಊರು ಅಂತ ಗಟ್ಟಿ ಮಾಡಿದ್ರೆ, ಇನ್ನೊಂದನ್ನ ಹೇಳೋದು ನಿಲ್ಲಿಸ್ತಿದ್ದೆ. ಅದಕ್ಕೇ ಸುಮ್ಸುಮ್ನೆ ಅನುಮಾನ ಹಾಕ್ತಿದ್ದೆ ಕಣೋ. ಎರಡೂ ಊರು ನೋಡಿದೆ ನಾನು. ಬಸವಣ್ಣನ ಬಾಲದವರೆಗೂ ನೋಡಿದೆ. ಇನ್ಯಾರ ಮಗ ತೋರಿಸ್ತಾನೆ ಹೀಗೆ?"

ಮಾವ ಅವಳ ಮಂಡಿಯ ಮೇಲೆ ತಲೆಯಿಟ್ಟು ಅತ್ತರು. ನಾನು ಹಾಸಿಗೆ ಸುರುಳಿ ಹಿಡಿದುಕೊಂಡೇ ಅತ್ತೆ. ಅಜ್ಜಿ ಮಾವನ ಕೂದಲಲ್ಲಿ ಕೈಯಾಡಿಸಿದಳು. ಆಮೇಲೆ ಅವರ ಬೆನ್ನಿಗೊಂದು ಗುದ್ದು ಕೊಟ್ಟಳು.

"ಸಾಕು ಏಳು. ಹೊಸ ಊರಿಗೆ ಬಂದು ಸುಮ್ನೆ ಕೂರ್ತಾರೇನೋ? ಈ ಸ್ಟೇಷನ್ ಹೇಗಿದೆ ಹೇಳು."

ಮಾವ ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಂಡರು. ಎದ್ದು ನಿಂತು ಅತ್ತ ನೋಡಿದರು, ಇತ್ತ ನೋಡಿದರು, ಗಂಟಲು ಸರಿಮಾಡಿಕೊಂಡರು.

"ಎರಡು ಪ್ಲಾಟ್‌ಫಾರಂ ಇದೆ ಅವ್ವ. ಆ ಕಡೇದು ಸ್ವಲ್ಪ ಉದ್ದ. ಆದ್ರೆ ಈ ಕಡೇದರಲ್ಲಿ ನೆರಳು ಜಾಸ್ತಿ..."