ಬೆರಳಲ್ಲೇ ತೋಟಾ ಗುರುತಿಸಿದ ತೌನೊ

ಕೋವಿಯ ತೋಟಾ ವಿಷಯದಲ್ಲಿ ತನ್ನನ್ನು ಮೀರಿಸುವ ಪಂಡಿತ ಇಡೀ ಫಿನ್‌ಲೆಂಡಿನಲ್ಲೇ ಇಲ್ಲ, ಇದ್ದರೂ ಅವನಿನ್ನೂ ತೊಟ್ಟಿಲಲ್ಲಿದ್ದಾನೆ ಎಂಬುದು ತೌನೊನ ದೃಢವಾದ ನಂಬಿಕೆ. ಪುರೊಲಾ ಹಳ್ಳಿಯ ಮನೆಗಳ ಚಿಮಣಿ ಮಸಿ ತೆಗೆಯುವುದು ಅವನ ಕಸುಬು. ವರ್ಷಕ್ಕೊಮ್ಮೆ ಪ್ರತಿ ಮನೆಗೂ ಹೋಗಲೇಬೇಕು. ಅವನು ಒಲೆಯೊಳಗೆ ತಲೆ ತೂರಿಸಿದ ಮೇಲೆ ಮನೆಯವರು ಎದ್ದು ಹೋಗುವಂತಿಲ್ಲ, ಅವನು ಬಾಯಿ ಮುಚ್ಚುವವನಲ್ಲ! ಉತ್ತರನ ಪೌರುಷ ಒಲೆಯ ಮುಂದೆ ಅನ್ನುತ್ತಾರಲ್ಲ, ತೌನೊನದು ಒಲೆಯ ಒಳಗೆ. ಮಸಿಯ ಜೊತೆಗೇ ಗುಂಡಿನ ತೂಕ, ವೇಗ, ಗಾಳಿಯ ಸೆಳೆತ ಎಲ್ಲವೂ ಬಂದು ನಡುಮನೆಗೆ ಬೀಳುತ್ತಿದ್ದವು.

ಈ ಪಾಂಡಿತ್ಯ ಅಂಟಿಕೊಂಡದ್ದು ಹೊಸ ಕೋವಿ ಕೊಳ್ಳುವ ಯೋಚನೆಯಿಂದ. ಹೆಂಡತಿ ಸೈಮಾಳಿಗೆ ಅವಳಪ್ಪ ಬಿಟ್ಟುಹೋದ ಹಳೆಯ ಕೋವಿಯಿತ್ತು. ಅದಕ್ಕೆ ಬೇಕಾದದ್ದು ಮೂವತ್ತು-ಸೊನ್ನೆ-ಆರು ಎಂಬ ತೋಟಾ. ಊರಿನ ಬೇಟೆ ಸಂಘದಲ್ಲಿ ಮುಕ್ಕಾಲು ಪಾಲು ಜನರ ಬಳಿ ಇದ್ದದ್ದೂ ಅದೇ. ಊರಿಗೆಲ್ಲ ಒಪ್ಪಿಗೆಯಾದದ್ದು ತೌನೊನಿಗೆ ಹೇಗೆ ಒಪ್ಪಿಗೆಯಾದೀತು? ಅವನ ಕಣ್ಣು ಬಿದ್ದದ್ದು ಇನ್ನೂರ ಎಪ್ಪತ್ತು ಎಂಬ ಇನ್ನೊಂದು ತೋಟಾದ ಮೇಲೆ. ಎರಡನ್ನೂ ಒಂದೊಂದು ತಂದು ಅಡುಗೆಮನೆಯ ಕಿಟಕಿಯಲ್ಲಿ ಜೆರೇನಿಯಂ ಕುಂಡದ ಪಕ್ಕ ನಿಲ್ಲಿಸಿದ. ಒಂದೇ ಎತ್ತರ, ಒಂದೇ ಹಿತ್ತಾಳೆ, ಒಂದೇ ಮೈಕಟ್ಟು. ಒಂದರ ಮೂತಿ ಇನ್ನೊಂದಕ್ಕಿಂತ ಮುಕ್ಕಾಲು ಮಿಲಿಮೀಟರು ಸಣ್ಣ, ಅಷ್ಟೇ. ಹೆತ್ತ ತಾಯಿಯೂ ಕನ್ನಡಕ ಹಾಕಿಕೊಂಡೇ ಗುರುತು ಹಿಡಿಯಬೇಕು!

ಎರಡು ಚಳಿಗಾಲ ಅವು ಅಲ್ಲೇ ನಿಂತಿದ್ದವು. ಎರಡು ಚಳಿಗಾಲ ತೌನೊ ಕಾಫಿ ಲೋಟ ಹಿಡಿದು ಅವುಗಳ ಮುಂದೆ ಕೂತಿದ್ದ.

"ಇನ್ನೂರ ಎಪ್ಪತ್ತು ಮುನ್ನೂರು ಮೀಟರ್ ದೂರದಲ್ಲಿ ಅದಕ್ಕಿಂತ ನಾಕು ಬೆರಳು ಕಡಿಮೆ ಕೆಳಗಿಳಿಯತ್ತೆ ಕಣೇ!" ಎಂದ ಒಂದು ದಿನ.

"ನಮ್ಮ ಕಾಡಲ್ಲಿ ಮುನ್ನೂರು ಮೀಟರ್ ಎಲ್ಲಿದೆ ಮಾರಾಯ? ಅರವತ್ತಕ್ಕೆ ಮರ ಅಡ್ಡ ಬರತ್ತೆ."

"ತತ್ವದ ಮಾತು ಹೇಳ್ದೆ."

"ಹಂಗಾದ್ರೆ ತತ್ವಾನೇ ಹೊಡ್ಕೊಂಡು ಬಾ, ಬೇಯಿಸ್ತೀನಿ."

ಕೊನೆಗೂ ಇನ್ನೂರ ಎಪ್ಪತ್ತರ ಕೋವಿ ಮನೆಗೆ ಬಂತು. ಒಂದೇ ಮನೆಯಲ್ಲಿ ಎರಡು ಬಗೆ ಇದ್ದರೆ ಒಂದಲ್ಲ ಒಂದು ದಿನ ಅದಲು ಬದಲಾಗುತ್ತೆ ಎಂದು ಸೈಮಾ ಎಚ್ಚರಿಸಿದಳು. ತೌನೊ ನಕ್ಕುಬಿಟ್ಟ. "ನಂಗೆ ಕಣ್ಣೇ ಬೇಡ. ಚಿಮಣಿ ಒಳಗೆ ಮೂವತ್ತು ವರ್ಷ ಕತ್ತಲಲ್ಲಿ ದುಡಿದ ಬೆರಳು ಇವು. ಮುಟ್ಟಿದ್ರೆ ಸಾಕು, ಯಾವ ತೋಟಾ ಅಂತ ಹೇಳ್ತವೆ!" ಈ ಘೋಷಣೆಯನ್ನು ಸಂಘದ ಗುಡಿಸಲಲ್ಲೂ ಮಾಡಿದ. ಕೇಳಿದವರೆಲ್ಲ ಕಾಫಿ ಕಡೆ ನೋಡಿದರು.

ಆ ವರ್ಷ ಸಂಘಕ್ಕೆ ಸಿಕ್ಕಿದ್ದು ಒಂದೇ ಮೂಸ್ ಹೊಡೆಯುವ ಪರವಾನಗಿ. ಮೂಸ್ ಎಂದರೆ ಕುದುರೆಗಿಂತ ಎತ್ತರ, ಎಮ್ಮೆಯಷ್ಟು ತೂಕ. ಒಂದು ಸಿಕ್ಕರೆ ಸಂಘದ ಹನ್ನೊಂದು ಮನೆಗೂ ಚಳಿಗಾಲದ ಮಾಂಸವಾಯಿತು. ಆದರೆ ಅಕ್ಟೋಬರ್ ಹೋಯಿತು, ನವೆಂಬರ್ ಹೋಯಿತು, ಮೂಸ್ ಬಾಲವನ್ನೂ ತೋರಿಸಲಿಲ್ಲ. ಹನ್ನೊಂದು ಮನೆಯ ಫ್ರೀಜರುಗಳಲ್ಲಿ ಬರೀ ಲಿಂಗನ್‌ಬೆರಿ ಹಣ್ಣಿನ ಡಬ್ಬಿಗಳು. ಕಡೆಗೆ ಬೇಟೆಯ ಗಡುವು ಮುಗಿಯಲು ಉಳಿದದ್ದು ಒಂದೇ ಭಾನುವಾರ.

ಹಿಂದಿನ ದಿನ ಶನಿವಾರ ಗಂಡ ಹೆಂಡತಿ ಇಬ್ಬರೂ ಗುರಿ ಪರೀಕ್ಷೆ ಮುಗಿಸಿ, ಹಿಮದಲ್ಲಿ ನೆನೆದು ಮನೆಗೆ ಬಂದು, ನೇರ ಸೌನಾಕ್ಕೆ ಹೋದರು. ಶನಿವಾರ ಸಂಜೆ ಸೌನಾದ ಬಿಸಿ ಹಬೆಯಲ್ಲಿ ಕೂರದವನು ಫಿನ್ನನೇ ಅಲ್ಲ. ಒದ್ದೆ ಜೇಬುಗಳಲ್ಲಿದ್ದ ತೋಟಾಗಳನ್ನೆಲ್ಲ, ಅವಳವು ಐದು ಇವನವು ಐದು, ಬಟ್ಟೆ ಬಿಚ್ಚುವ ಕೋಣೆಯ ಬೆಂಚಿನ ಮೇಲೆ ಆರಲೆಂದು ಸುರಿದರು. ಹಬೆ ತೆಗೆದುಕೊಂಡು, ಮೈ ಕೆಂಪಾಗಿ, ಲೋಕದ ಮೇಲೆಲ್ಲ ಪ್ರೀತಿ ಉಕ್ಕಿ ಹೊರಗೆ ಬಂದರೆ ಕೋಣೆಯ ಬಲ್ಬು ಹೋಗಿತ್ತು.

"ಟಾರ್ಚ್ ತರ್ತೀನಿ ತಾಳು," ಎಂದಳು ಸೈಮಾ.

"ಟಾರ್ಚಾ? ಈ ಬೆರಳಿಗಾ?" ತೌನೊನ ಸ್ವಾಭಿಮಾನಕ್ಕೆ ಪೆಟ್ಟಾಯಿತು. ಕತ್ತಲಲ್ಲೇ ಒಂದೊಂದನ್ನೂ ಸವರಿ, ಮೂತಿ ಹಿಚುಕಿ, ಮುತ್ತಿನ ವ್ಯಾಪಾರಿಯ ಹಾಗೆ ಎರಡು ಗುಂಪು ಮಾಡಿದ. "ತಗೋ, ಇವು ನಿನ್ನವು. ಇವು ನನ್ನವು. ಒಂದೂ ತಪ್ಪಿಲ್ಲ!"

ಸೌನಾದ ಸುಖದಲ್ಲಿದ್ದ ಸೈಮಾ ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅಂದು ಮೊದಲ ಬಾರಿಗೆ ಗಂಡನ ಮಾತನ್ನು ಪರೀಕ್ಷಿಸದೆ ನಂಬಿದಳು.

ಭಾನುವಾರ ಬೆಳಕು ಹರಿಯುವಾಗ ಒಂಬತ್ತು ಗಂಟೆ, ಚಳಿ ಸೊನ್ನೆಗಿಂತ ಹನ್ನೆರಡು ಕೆಳಗೆ. ಸಂಘದ ಯಜಮಾನ ಓಸ್ಮೊ ತನ್ನ ನಾಯಿ ಹುರ್ಯಾನನ್ನು ಕರೆದುಕೊಂಡು ನಾಲ್ಕು ಜನರ ಜೊತೆ ಆ ಕಡೆಯಿಂದ ಕಾಡು ಸೋವುತ್ತಾ, ಮೂಸನ್ನು ಅಟ್ಟಿಕೊಂಡು ಬರಬೇಕು. ಈ ಕಡೆ ಹಳ್ಳದ ಉದ್ದಕ್ಕೂ ಉಳಿದವರ ಕಾವಲು. ತೌನೊ, ಅವನ ಎಡಕ್ಕೆ ಇನ್ನೂರು ಹೆಜ್ಜೆ ದೂರದಲ್ಲಿ ಸೈಮಾ, ಅವಳಾಚೆ ಕೊನೆಯಲ್ಲಿ ಎಪ್ಪತ್ತೊಂಬತ್ತರ ಹೆಲ್ವಿ ಅಜ್ಜಿ. ಮೂಸ್ ಹಳ್ಳ ದಾಟಿತೋ, ಅದು ಪಕ್ಕದ ಸಂಘದ ನೆಲ. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ.

ಎಲ್ಲರ ಕಿವಿಯಲ್ಲೂ ರೇಡಿಯೋ. "ಹೊರಟ್ವಿ," ಎಂದ ಓಸ್ಮೊ. ನಿಯಮದ ಪ್ರಕಾರ ತೌನೊ ಆಗ ಕೋವಿಗೆ ತೋಟಾ ತುಂಬಿ, ಅದನ್ನು ನಳಿಗೆಗೆ ನೂಕುವ ಬೋಲ್ಟ್ ಮುಂದಕ್ಕೆ ತಳ್ಳಿದ. ಅದು ಮುಕ್ಕಾಲು ದಾರಿ ಹೋಗಿ ನಿಂತಿತು. ಮತ್ತೆ ತಳ್ಳಿದ. ಬೇಡಿಕೊಂಡ. ಬೈದ. ಆಮೇಲೆ ತೋಟಾ ಹೊರತೆಗೆದು, ಕನ್ನಡಕ ಹಾಕಿಕೊಂಡು, ಬುಡದ ಅಚ್ಚು ಓದಿದ. ಮೂವತ್ತು-ಸೊನ್ನೆ-ಆರು! ಐದಕ್ಕೆ ಐದೂ!

ಒಂದು ಮಾತು ಒಪ್ಪಬೇಕು: ಬೆರಳುಗಳದ್ದೇನೂ ತಪ್ಪಿರಲಿಲ್ಲ. ಅವು ಎರಡು ಜಾತಿಯನ್ನು ಕರಾರುವಾಕ್ಕಾಗಿ ಬೇರೆ ಮಾಡಿದ್ದವು. ಯಾವುದು ಯಾರದೆಂದು ಹೇಳಿದ್ದು ತಲೆ.

ತೌನೊ ರೇಡಿಯೋ ಒತ್ತಿ ಪಿಸುಗುಟ್ಟಿದ, "ಸೈಮಾ... ಕೋವಿಗೆ ತೋಟಾ ಹಾಕಿದ್ಯಾ?"

"ಬುಡ ಓದದೆ ನಾನು ಹಾಕಲ್ಲ. ಈಗಷ್ಟೇ ಓದಿದೆ," ಎಂದಿತು ಹಿಮಕ್ಕಿಂತ ತಣ್ಣಗಿನ ದನಿ. "ಹೇಳ್ಬಿಡ್ಲಾ ಎಲ್ರಿಗೂ?"

"ಬೇಡ ಕಣೇ! ದಮ್ಮಯ್ಯ!"

"ಓಸ್ಮೊ, ಕೇಳಿಸ್ಕೋ. ನನ್ನ ತೋಟಾ ಅವನ ಹತ್ರ ಇದೆ, ಅವನದು ನನ್ನ ಹತ್ರ ಇದೆ. ನಮ್ಮಿಬ್ಬರ ಕೋವಿಗಿಂತ ಪೊರಕೆ ವಾಸಿ."

ರೇಡಿಯೋದಲ್ಲಿ ಹನ್ನೊಂದು ಖಾಲಿ ಫ್ರೀಜರುಗಳು ಒಟ್ಟಿಗೆ ನಿಟ್ಟುಸಿರು ಬಿಟ್ಟಂತಾಯಿತು.

"ಬೆರಳಲ್ಲೇ ಗುರುತು ಹಿಡೀತೀನಿ ಅಂದಿದ್ದು ಇವನೇ ಅಲ್ವಾ?" ಎಂದರು ಯಾರೋ.

"ಓಡಿ ಹೋಗಿ ಬದಲಾಯಿಸ್ಕೊಂಡು ಬರ್ಲಾ?" ಎಂದ ತೌನೊ.

"ಕದಲಿದ್ರೆ ಕಾಲು ಮುರೀತೀನಿ!" ಓಸ್ಮೊ ಗುಡುಗಿದ. "ಕಾಡು ಸೋವುವಾಗ ಜಾಗ ಬಿಟ್ಟು ಒಂದು ಹೆಜ್ಜೆ ಇಡಬಾರದು. ನಿಂತಲ್ಲೇ ಮರ ಆಗು! ಇನ್ನೊಂದು ವಿಷ್ಯ. ಹುರ್ಯಾ ತಪ್ಪಿಸ್ಕೊಂಡ. ಕೊರಳಪಟ್ಟಿಯ ಜಿಪಿಎಸ್ ನೋಡಿದ್ರೆ ಪೆಟ್ರೋಲ್ ಬಂಕ್ ಹತ್ರ ತೋರಿಸ್ತಿದೆ."

"ಅಲ್ಲೇನು ಮೂಸ್ ಇದ್ಯಾ?" ಎಂದಳು ಸೈಮಾ.

"ಸಾಸೇಜ್ ಅಂಗಡಿ ಇದೆ."

ಕೋವಿಯಿಲ್ಲ, ನಾಯಿಯೂ ಇಲ್ಲ. ಇಂಥ ಶುಭಗಳಿಗೆಯಲ್ಲಿ ಎದುರಿನ ಮರಗಳ ನಡುವೆ ಒಂದು ಮರ ನಡೆದು ಬಂತು. ಮರವಲ್ಲ, ಮೂಸ್! ಉದ್ದ ಮೂತಿ, ಹೆಗಲ ಮೇಲೆ ಹಿಮ, ಹಬೆಯಾಡುವ ಉಸಿರು. ನಲವತ್ತು ಹೆಜ್ಜೆಯಲ್ಲಿ ನಿಂತು ತೌನೊನನ್ನು ನೋಡಿತು. ಎರಡು ಚಳಿಗಾಲ ಯಾವ ತೋಟಾದಿಂದ ಹೊಡೆಯಲಿ ಎಂದು ತಲೆ ಕೆಡಿಸಿಕೊಂಡಿದ್ದು ಈ ಪ್ರಾಣಿಗಾಗಿ. ಈಗ ಅದು ಎದುರು ನಿಂತು, "ಯಾವುದಾದರೂ ಸರಿ, ಬೇಗ ಹೇಳು" ಎನ್ನುವಂತಿತ್ತು.

ಮೂಸ್ ಹಳ್ಳದ ಕಡೆಗೆ ಕಾಲೆತ್ತಿತು. ತೌನೊನ ಕಣ್ಣ ಮುಂದೆ ಹನ್ನೊಂದು ಮನೆಯ ಮಕ್ಕಳು ಮರಿಗಳೆಲ್ಲ ಬಂದು ಹೋದರು. ಮಾರ್ಚ್‌ವರೆಗೂ ಪ್ರತಿ ಮನೆಯ ಒಲೆಯಲ್ಲೂ ತಲೆ ತೂರಿಸಬೇಕಾದವನು ತಾನೇ ಎಂಬುದೂ ನೆನಪಾಯಿತು. ಯಾವ ಮುಖ ಹೊತ್ತು ಹೋಗುವುದು? ನಾಯಿ ಬೊಗಳಿದರೆ ಮೂಸ್ ದಿಕ್ಕು ಬದಲಿಸುತ್ತದೆ. ನಾಯಿ ಸಾಸೇಜ್ ತಿನ್ನುತ್ತಿದೆ. ತೌನೊ ಒಮ್ಮೆ ಆಚೀಚೆ ನೋಡಿ, ಕೋವಿಯನ್ನು ಮರಕ್ಕೊರಗಿಸಿ, ಎದೆ ತುಂಬ ಗಾಳಿ ಎಳೆದುಕೊಂಡು ಬೊಗಳಿದ.

ಮೊದಲ ಬೊಗಳು ಸ್ವಲ್ಪ ನಾಚಿಕೆಯಿಂದ ಬಂತು. ಎರಡನೆಯದರಲ್ಲಿ ಜೀವ ಇತ್ತು. ಮೂರನೆಯದಕ್ಕೆ ಮೂಸ್ ಹಳ್ಳದ ಆಸೆ ಬಿಟ್ಟು ಎಡಕ್ಕೆ ತಿರುಗಿತು! ತೌನೊ ಬಿಡಲಿಲ್ಲ. ಮೂವತ್ತು ವರ್ಷದ ಮಸಿ ಕುಡಿದ ಗಂಟಲಿನಿಂದ, ಕೆಮ್ಮುತ್ತಾ ಬೊಗಳುತ್ತಾ, ಬೊಗಳುತ್ತಾ ಕೆಮ್ಮುತ್ತಾ, ನಡುವೆ ರೇಡಿಯೋ ಒತ್ತಿ ಕೂಗಿದ, "ಸೈಮಾ, ನಿನ್ನ ಕಡೆ ಬಂತು! ಬೊಗಳೇ!"

"ನಿನ್ನನ್ನ ಕಟ್ಕೊಂಡು ಎಲ್ಲಾ ಮಾಡಾಯ್ತು. ಬೊಗಳೋದು ಮಾತ್ರ ಆಗಲ್ಲ!"

ಆದರೆ ಮೂಸ್ ಅವಳ ಮುಂದೆಯೂ ಹಳ್ಳಕ್ಕೆ ಇಳಿಯಲು ನೋಡಿತು. ಸೈಮಾ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ದಿನಾ ಸಂಜೆ ಗಂಡ ಮಸಿ ಮೆತ್ತಿಕೊಂಡು ಬಾಗಿಲಿಗೆ ಬಂದಾಗ ಕೊಡುವ ಆಜ್ಞೆಯನ್ನೇ ಕೊಟ್ಟಳು: "ಏಯ್! ಬೂಟು ಬಿಚ್ಚಿ ಬಾ!"

ನಾನೂರು ಕಿಲೋ ತೂಕದ ಪ್ರಾಣಿ ತೌನೊನಷ್ಟೇ ವಿಧೇಯವಾಗಿ ನಿಂತಿತು, ಆಮೇಲೆ ಹೆಲ್ವಿ ಅಜ್ಜಿಯ ಕಡೆಗೆ ಹೆಜ್ಜೆ ಹಾಕಿತು. ಅಜ್ಜಿಯ ಎದುರಿಗೆ ದಿಬ್ಬ, ಗುಂಡು ತಪ್ಪಿದರೂ ಮಣ್ಣಿಗೆ ಹೋಗುವ ಜಾಗ. ಒಂದೇ ಒಂದು ಈಡು ಕೇಳಿಸಿತು.

"ಬಿತ್ತು," ಎಂದಳು ಅಜ್ಜಿ ರೇಡಿಯೋದಲ್ಲಿ.

ತೌನೊ ಹಿಮದ ಮೇಲೇ ಕೂತುಬಿಟ್ಟ. ಅವನ ಕಣ್ಣಲ್ಲಿ ನೀರು ಬಂತು. ಅಜ್ಜಿಯ ಅಳ್ಳಾಡದ ಕೈಗೆ, ಸೈಮಾಳ ಗಂಟಲಿಗೆ, ಅಷ್ಟು ದೊಡ್ಡ ದೇಹದಲ್ಲಿ ಅಷ್ಟು ಸಣ್ಣ ಧೈರ್ಯವಿಟ್ಟುಕೊಂಡಿದ್ದ ಆ ಮೂಸ್‌ಗೆ, ಎಲ್ಲಕ್ಕೂ ಮನಸ್ಸಿನಲ್ಲೇ ಕೈಮುಗಿದ. ಹತ್ತಿರ ಹೋದಾಗ ಅಜ್ಜಿ ಕೋವಿ ಒರೆಸುತ್ತಾ ಕೂತಿದ್ದಳು. ಗಿಜಿಗುಡುತ್ತದೆಂದು ಅವಳು ರೇಡಿಯೋದ ಸದ್ದು ತಗ್ಗಿಸಿಟ್ಟುಕೊಂಡಿರುತ್ತಾಳೆ.

"ಅದ್ಯಾರ ನಾಯಿ ಮಗಾ ಅದು?" ಎಂದು ಕೇಳಿದಳು. "ಸ್ವಲ್ಪ ಕೆಮ್ಮಿದೆ, ವಯಸ್ಸಾಗಿರ್ಬೇಕು. ಆದ್ರೂ ಒಳ್ಳೇ ತಳಿ."

ತೌನೊ ಉತ್ತರ ಕೊಡಲು ಬಾಯಿ ತೆರೆದ. ಗಂಟಲು ಕಟ್ಟಿಹೋಗಿತ್ತು, ಬರೀ ಗಾಳಿ ಬಂತು. ಮುಂದಿನ ಮೂರು ದಿನವೂ ಅಷ್ಟೇ. ಚಿಮಣಿ ಕೆಲಸಕ್ಕೆ ಹೋದ ಮನೆಗಳಲ್ಲೆಲ್ಲ ಪರಮ ಶಾಂತಿ. ಒಂದು ಮನೆಯವರಂತೂ ಹಸಿರು ಬಟಾಣಿ ಸೂಪು ಕೊಟ್ಟು, "ನಿಧಾನವಾಗಿ ವಾಸಿಯಾಗ್ಲಿ, ಅವಸರ ಏನಿಲ್ಲ," ಎಂದು ಹರಸಿದರು.

ಬುಧವಾರ ಸಂಜೆ ಸಂಘದ ಗುಡಿಸಲಲ್ಲಿ ಮಾಂಸ ಹಂಚುವ ಹೊತ್ತು. ಹಲಗೆಯ ಮೇಲೆ ಸಮನಾಗಿ ರಾಶಿಗಳು. ಹೆಲ್ವಿ ಅಜ್ಜಿ ಕೋಲಿನಿಂದ ಒಂದು ರಾಶಿ ತೋರಿಸಿ "ಇದು ಯಾರಿಗೆ?" ಎಂದು ಕೇಳುತ್ತಾಳೆ. ಬೆನ್ನು ತಿರುಗಿಸಿ ಗೋಡೆ ನೋಡುತ್ತಾ ನಿಂತ ಓಸ್ಮೊ ಒಂದು ಹೆಸರು ಹೇಳುತ್ತಾನೆ. ಯಾವ ರಾಶಿ ಎಂದು ಅವನಿಗೆ ಕಾಣುವುದಿಲ್ಲವಾದ್ದರಿಂದ ಯಾರೂ ತಕರಾರು ಮಾಡುವಂತಿಲ್ಲ. ತೌನೊ ಬಾಗಿಲ ಬಳಿ ಕೊನೆಯಲ್ಲಿ ನಿಂತಿದ್ದ. ತನ್ನ ಹೆಸರು ಕರೆಯದೇ ಹೋದರೂ ನ್ಯಾಯವೇ ಎಂದುಕೊಂಡಿದ್ದ.

"ಇದು ಯಾರಿಗೆ?"

"ಸೈಮಾ ತೌನೊ ಮನೆಗೆ," ಎಂದ ಓಸ್ಮೊ. ನಡುಬೆನ್ನಿನ ಒಳ್ಳೆಯ ಮಾಂಸವಿದ್ದ ರಾಶಿ!

ಹನ್ನೊಂದು ಮನೆಯದೂ ಮುಗಿಯಿತು. ಹಲಗೆಯ ಮೇಲೆ ಇನ್ನೂ ಒಂದು ರಾಶಿ ಉಳಿಯಿತು. ಅದು ನಾಯಿಯ ಪಾಲು. ಮೂಸನ್ನು ಬೊಗಳಿ ತಿರುಗಿಸಿದ ನಾಯಿಗೆ ಒಂದಾಳಿನ ಪಾಲು ಸಲ್ಲಬೇಕೆಂಬುದು ಹಳೆಯ ಕಟ್ಟಳೆ. ಇಪ್ಪತ್ತು ವರ್ಷದಿಂದ ಅದು ನಾಯಿಯ ಒಡೆಯ ಓಸ್ಮೊನ ಮನೆಗೇ ಹೋಗುತ್ತಿತ್ತು. ಬೆಂಚಿನ ಕೆಳಗೆ ಮಲಗಿದ್ದ ಹುರ್ಯಾ ಕಿವಿ ನಿಮಿರಿಸಿದ.

"ನಾಯಿ ಪಾಲು. ಯಾರಿಗೆ?" ಎಂದಳು ಅಜ್ಜಿ.

ಓಸ್ಮೊ ಗೋಡೆಯ ಕಡೆಗೇ ಮುಖ ಮಾಡಿ ಹೇಳಿದ, "ಬೊಗಳಿದವರಿಗೆ."

ಗುಡಿಸಲು ಬಿದ್ದುಹೋಗುವ ಹಾಗೆ ಎಲ್ಲರೂ ನಕ್ಕರು. ಆದರೆ ರಾಶಿಯನ್ನು ನಿಜವಾಗಿಯೂ ತಂದು ತೌನೊನ ಕೈಗಿಟ್ಟರು. ಒಬ್ಬೊಬ್ಬರೂ ಬಂದು ಹೆಗಲು ತಟ್ಟಿದರು. ಬೈಸಿಕೊಳ್ಳಲು ಸಿದ್ಧನಾಗಿ ಬಂದವನಿಗೆ ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಈ ಜನಕ್ಕೆ ಒಂದು ಮಾತಾದರೂ ಕೃತಜ್ಞತೆ ಹೇಳದಿದ್ದರೆ ತಾನು ಮನುಷ್ಯನೇ ಅಲ್ಲ ಎಂದುಕೊಂಡು ಟೋಪಿ ತೆಗೆದು ಮುಂದೆ ಬಂದ. ಮೂರು ದಿನ ಮುಚ್ಚಿದ್ದ ಗಂಟಲನ್ನು ಸರಿಮಾಡಿಕೊಂಡು, ಇದ್ದ ಬಲವನ್ನೆಲ್ಲ ಹಾಕಿ, ಹೃದಯ ತುಂಬಿ ಬಾಯಿ ತೆರೆದ.

"ಬೌ!" ಎಂದಿತು ಗಂಟಲು.

ಹುರ್ಯಾ ಬೆಂಚಿನ ಕೆಳಗಿಂದ ಎದ್ದು ಬಂದು, ಗೌರವದಿಂದ ಅವನ ಪಕ್ಕದಲ್ಲಿ ಕೂತ.

"ಸಾಕು ಬಾ ಮಾರಾಯ," ಎಂದಳು ಸೈಮಾ, ಕಣ್ಣೊರೆಸಿಕೊಳ್ಳುತ್ತಾ. "ಎಲ್ರಿಗೂ ಅರ್ಥ ಆಯ್ತು."